ಜಲಜಳ ಮೂಗು, ಅಬ್ಬಿಯ ಸಿಂಬೆ

ಗಂಗೊಳ್ಳಿ ಬಂದರಿನಲ್ಲಿ ಉಳಿದ ಹೆಂಗಸರೆಲ್ಲ ಮೀನಿನ ಕಣ್ಣು ನೋಡಿ, ಕಿವಿರು ಎತ್ತಿ ನೋಡಿ ಕೊಂಡರೆ, ಜಲಜ ಒಮ್ಮೆ ಮೂಸಿ "ಹಾಂ" ಅಂದರೆ ಮುಗಿಯಿತು. ಅವಳು ಬುಟ್ಟಿ ಹೊತ್ತು ಮಾರುವ ಹೆಮ್ಮಾಡಿಯ ಮನೆಗಳಲ್ಲಿ ಅವಳ ಮೀನಿಗಿಂತ ಅವಳ ಮೂಗಿಗೇ ಬೆಲೆ. ಅಂಥ ಮೂಗು ಈ ಸಲದ ಮಳೆಗಾಲದಲ್ಲಿ ಕಟ್ಟಿದ್ದು ಬಿಡಲೇ ಇಲ್ಲ. ಮಧ್ಯಾಹ್ನ ಮಲಗಿ ಎದ್ದರಂತೂ ಸೀನೋ ಸೀನು. ಜತೆಗೆ ಕುತ್ತಿಗೆ ನೋವು ಬೇರೆ.

ಹೇಗೋ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಹಳೆಯ ಗಿರಾಕಿ ವನಜಮ್ಮ ಗೇಟಿನ ಹತ್ತಿರವೇ ತಡೆದರು.

"ಹ್ವಾಯ್ ಜಲಜ, ನಿನ್ನೆ ಕೊಟ್ಟ ಬಂಗ್ಡಿ ಎಂತ ಮಾರಾಯ್ತಿ ಅದ್? ಒಲಿ ಮೇಲೆ ಇಟ್ರೆ ಬೆಕ್ಕೇ ಎದ್ದ್ ಹೋಯ್ತ್!"

ಜಲಜ ನಕ್ಕಳು. ವನಜಮ್ಮ ನಗಲಿಲ್ಲ.

"ನಿನ್ನ ಮೂಗ್ ನಂಬ್ಕಂಡ್ ಇಷ್ಟ್ ವರ್ಷ ಮೀನ್ ತಿರುಗ್ಸಿ ಕಾಣ್ಲಿಲ್ಲೆ. ಇನ್ ಮುಂದೆ ಕಾಂತೆ."

ಕುತ್ತಿಗೆಯ ನೋವಿಗಿಂತ, ಇನ್ನು ನೋಡಿಯೇ ಕೊಳ್ಳುತ್ತೇನೆ ಎಂಬ ಆ "ಕಾಂತೆ" ಅನ್ನುವ ಮಾತೇ ಹೆಚ್ಚು ನೋಯಿಸಿತು. ಒಂದು ಮನೆಯವರು ತಿರುಗಿಸಿ ನೋಡಲು ಶುರುಮಾಡಿದರೆ ಊರೆಲ್ಲ ನೋಡುತ್ತದೆ.

ಮಗಳು ಮೋಕ್ಷಿತಾ ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆನ್ನು, ಕುತ್ತಿಗೆ ಸರಿಮಾಡಿದರೆ ಅಲರ್ಜಿಯೂ ಹೋಗುತ್ತದೆ ಅನ್ನುವ ವೀಡಿಯೊ ಅವಳ ಮೊಬೈಲಿಗೆ ಬಂದಿತ್ತು. ಪೇಟೆಯಲ್ಲೇ ಬೆನ್ನು, ಕುತ್ತಿಗೆಯ ಮೂಳೆಗಳನ್ನು ಕೈಯಿಂದಲೇ ಲಟಕ್ಕನೆ ತಿರುಗಿಸಿ ಸರಿಮಾಡುವ ಒಬ್ಬರು ಕೈರೋಪ್ರಾಕ್ಟರ್ ಇದ್ದರು, ಬ್ರಹ್ಮಾವರದ ಸುಜನ್. ಜನರ ಬಾಯಲ್ಲಿ ಅವರು "ಲಟಕ್ ಡಾಕ್ಟ್ರು". ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದಳು.

"ಅಲ್ದೇ ಹೆಣೇ," ಜಲಜ ಮಗಳ ಕಡೆ ಬಾಗಿದಳು, "ಕಟ್ಟಿದ್ದ್ ಮೂಗ್. ಇವ್ರ್ ಕುತ್ಗಿ ತಿರ್ಪುದ್ ಎಂತಕೆ?"

"ಎಲ್ಲ ನರದೊಳ್ಗೇ ಇತ್ತಂಬ್ರ್ ಅಮ್ಮ. ನೀನ್ ಸುಮ್ನೆ ಕೂಕೋ."

ಡಾಕ್ಟ್ರು ಕೇಳಿಸಿಕೊಂಡು ನಕ್ಕರು. "ಮೂಗಿನೊಳ್ಗೂ ನರ ಇತ್ತ್ ಜಲಜಕ್ಕ. ಧೂಳ್ ತಾಗಿರೆ ಸೀನ್ ಬರ್ಸುದ್, ನೀರ್ ಸುರ್ಸುದ್ ಎಲ್ಲ ಅದೇ. ಆದ್ರೆ ಕುತ್ಗಿ ಸರಿ ಮಾಡಿರೆ ಅಲರ್ಜಿ ಹೋತ್ತ್ ಅಂತ ನಾನ್ ಹೇಳುದಿಲ್ಲೆ. ಹೇಳುವರ್ ಇದ್ದ್ರ್, ಗಟ್ಟಿ ಪುರಾವೆ ಇಲ್ಲೆ. ಕುತ್ಗಿ ನೋವಿಗೆ ಕಾಂಬ."

ಲಟಕ್!

"ಅಯ್ಯೋ ಅಬ್ಬೀ, ಮುರೀತ್!" ಎಂದು ಜಲಜ ತೀರಿಹೋದ ತಾಯಿಯನ್ನು ಕೂಗಿದಳು. ಏನೂ ಮುರಿದಿರಲಿಲ್ಲ. ಕುತ್ತಿಗೆ ಹಗುರವಾಗಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನವಳ ಮಲ್ಲಿಗೆಯ ಪರಿಮಳವೂ ಒಂಚೂರು ಬಂತು. "ಮೂಗ್ ಬಿಟ್ಟಿತೇ!" ಎಂದು ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ಮನೆಗೆ ಹೋಗಿ ಒಂದು ನಿದ್ದೆ ತೆಗೆದು ಎದ್ದರೆ ಮೊದಲಿನ ಹಾಗೇ ಕಟ್ಟಿತ್ತು.

ಮುಂದಿನ ಸಲ ಬಾಗಿಲಲ್ಲೇ ಶುರುಮಾಡಿದಳು. "ಡಾಕ್ಟ್ರೇ, ನಿಮ್ಮ ಲಟಕ್ ಮನಿ ತನ್ಕ ಬತ್ತಿಲ್ಲೆ!"

"ಮನಿಗ್ ಹೋಯಿ ಎಂತ ಮಾಡಿದ್ರಿ?"

"ಉಂಡ್ ಮನಿಕಂಡೆ."

"ತಲೆದಿಂಬ್ ಎಷ್ಟ್ ದಪ್ಪ?"

"ದಿಂಬ್ ಯಾರಿಗ್ ಬೇಕ್? ನನ್ನ್ ಸಿಂಬಿ ಇತ್ತಲೆ!"

ಬುಟ್ಟಿಯ ಅಡಿಗೆ ತಲೆ ಮೇಲಿಟ್ಟುಕೊಳ್ಳುವ ಬಟ್ಟೆಯ ಸುರುಳಿಯನ್ನು ಚೀಲದಿಂದ ತೆಗೆದಳು. ಎಷ್ಟು ಎತ್ತರವಿದೆ ಎಂದು ನೋಡಲು ಡಾಕ್ಟ್ರು ಕೈಗೆತ್ತಿಕೊಂಡದ್ದೇ ತಡ, ಸೀನಿದರು. ಮತ್ತೆ ಸೀನಿದರು. ಪಕ್ಕದಲ್ಲಿದ್ದ ಮೋಕ್ಷಿತಾಳೂ ಸೀನಿದಳು.

"ಇದನ್ನ... ತೊಳ್ದದ್ದ್ ಯಾವಾಗ?"

"ತೊಳುದಾ! ಸಿಂಬಿ ತೊಳ್ದ್ರೆ ಯಾಪಾರ ತೊಳ್ದ್ ಹೋತ್ತ್ ಅಂತಿದ್ಳ್ ನಮ್ಮಬ್ಬಿ."

ಅದು ಅಬ್ಬಿ ಗುಲಾಬಿಯದೇ ಸಿಂಬೆ. ಒಳಗೆ ಅವಳ ಮದುವೆ ಸೀರೆಯ ತುಂಡು. ಹೊರಗಿನದು ಹರಿದಂತೆಲ್ಲ ಜಲಜ ಮೇಲೊಂದು ಬಟ್ಟೆ ಸುತ್ತಿದಳೇ ಹೊರತು ಒಳಗಿನದನ್ನು ಬಿಚ್ಚಿರಲಿಲ್ಲ. ಈ ಮಳೆಗಾಲದ ಥಂಡಿಗೆ ಆ ಸೀರೆ ತುಂಡಿನ ಮಡಿಕೆಯೊಳಗೆಲ್ಲ ಬೂಷ್ಟು ಹಿಡಿದಿತ್ತು. ಮಧ್ಯಾಹ್ನ ಅದಕ್ಕೆ ತಲೆಕೊಟ್ಟರೆ ಅಬ್ಬಿಯ ತೊಡೆಯ ಮೇಲೆ ಮಲಗಿದ ಹಾಗೆ. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ. ಅವತ್ತು ಹೇಳಿದಳು.

ಡಾಕ್ಟ್ರು ಮೂಗು ಒರೆಸಿಕೊಂಡರು, ನಗಲಿಲ್ಲ. "ಬಿಸಾಡಿ ಅಂತ ಹೇಳುದಿಲ್ಲೆ ಜಲಜಕ್ಕ. ಮನಿಕಂಬಾಗ ತಲೆ ಅಡಿಗೆ ಬೇಡ, ಬುಟ್ಟಿ ಅಡಿಗೂ ಬೇಡ. ಮನಿ ಹೊರ್ಗೆ ಇಡಿ. ಮೂಗಿನ ಡಾಕ್ಟ್ರಿಗೂ ಒಂದ್ ಸಲ ತೋರ್ಸಿ. ಅದ್ ಅವ್ರ ಕೆಲ್ಸ, ನಂದಲ್ಲ."

ಮೂಗಿನ ಡಾಕ್ಟ್ರು ಸ್ಪ್ರೇ ಕೊಟ್ಟರು. ಮೋಕ್ಷಿತಾ ತನ್ನ ಹಳೆಯ ಚೂಡಿದಾರದ ಶಾಲಿನಿಂದ ಹೊಸ ಸಿಂಬೆ ಸುತ್ತಿದಳು. ಹಳೆಯದು ಹೊರಗೆ ಸೂರಿನಡಿಯ ಬಟ್ಟೆಹಗ್ಗಕ್ಕೆ ಹೋಯಿತು. ಮೊದಮೊದಲು ಜಲಜಳಿಗೆ ದಿಂಬಿನ ಮೇಲೆ ನಿದ್ದೆಯೇ ಹತ್ತಲಿಲ್ಲ.

ಆಮೇಲೊಂದು ಬೆಳಿಗ್ಗೆ ಬಂದರಿನಲ್ಲಿ ಬುಟ್ಟಿಗೆ ಬಗ್ಗಿದವಳು ಹಾಗೇ ನಿಂತಳು.

"ಹ್ವಾಯ್ ಚಂದ್ರ, ಇದ್ ನಿನ್ನೆ ಮೀನ್! ಬದಿಗ್ ಇಡ್!"

"ಬಂತಾ ಮೂಗ್?" ಮೀನು ಮಾರುವ ಚಂದ್ರ ಹಣೆ ಚಚ್ಚಿಕೊಂಡ. "ಇನ್ನ್ ನಮ್ಮ ಕತಿ ಮುಗೀತ್!"

ಅವತ್ತು ಗೇಟಿನ ಹತ್ತಿರ ವನಜಮ್ಮ ಹೇಳಿದಂತೆಯೇ ಬಂಗುಡೆಯನ್ನು ತಿರುಗಿಸಿ ನೋಡಿದರು, ಕಿವಿರನ್ನೂ ಎತ್ತಿದರು. ಜಲಜ ಬುಟ್ಟಿಯನ್ನು ಇನ್ನಷ್ಟು ಅವರ ಮುಂದಕ್ಕೆ ಸರಿಸಿದಳು.

"ಆಯ್ತ್ ಮಾರಾಯ್ತಿ, ನಾಳೆಯಿಂದ ಕಾಂಬುದಿಲ್ಲೆ."

"ಬೇಡ ವನಜಮ್ಮ, ಕಾಣಿ. ಮೂಗಿನ್ ಕತಿ ಹೇಳುಕ್ ಆತಿಲ್ಲೆ."

ಮನೆಗೆ ಬಂದವಳು ಹಗ್ಗದಿಂದ ಹಳೆಯ ಸಿಂಬೆಯನ್ನು ತೆಗೆದು, ಪ್ರೀತಿಯಿಂದ ಮುಖಕ್ಕೆ ಒತ್ತಿಕೊಂಡಳು.

"ಥೋ! ಅಬ್ಬೀ, ಇದನ್ನ ಹ್ಯಾಂಗೆ ಹೊತ್ಕಂಡ್ ತಿರ್ಗಿದ್ಯೇ!"

ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ಮೋಕ್ಷಿತಾ ಓಡಿ ಬಂದಳು.

"ಕೊಡಮ್ಮ, ಮೆಷಿನಿಗ್ ಹಾಕ್ತೆ."

"ಮೆಷಿನಿಗಾ? ಬಾಯ್ಮುಚ್ಚ್! ಬಿಸ್ನೀರ್ ಕಾಯ್ಸ್, ಸೋಪ್ ತಾ. ಅಬ್ಬಿಗೆ ನಾನೇ ಸ್ನಾನ ಮಾಡ್ಸ್ಕ್."