ಆತ್ಮಗಳ ತಿಂಗಳಲ್ಲಿ ಒಂದು ಸಹಿ

ಬೆಳಗಿನ ಪ್ರಾರ್ಥನೆ ಮುಗಿಸಿ, ಒಲೆಗೆ ಎರಡು ತುಂಡು ಬರ್ಚ್ ಸೌದೆ ಒಟ್ಟಿ, ಸಾಲ್ಮೆ ಗಂಡನ ಕಂಪ್ಯೂಟರಿನ ಮುಂದೆ ಕೂತಳು. ಹೊರಗೆ ನವೆಂಬರಿನ ಗಾಳಿ. ಅದು ಹೀಗೆ ಬೀಸತೊಡಗಿದರೆ ಈ ದ್ವೀಪಕ್ಕೆ ದೋಣಿ ಬರುವುದಿಲ್ಲವೆಂದು ಎಸ್ಟೋನಿಯದ ಈ ಕರಾವಳಿಯಲ್ಲಿ ಮಕ್ಕಳಿಗೂ ಗೊತ್ತು.

ಪಾದ್ರಿಗಳು ಕಳಿಸಿದ ಒಪ್ಪಂದಪತ್ರ ಬಂದು ಕೂತಿತ್ತು. ಕಡಲ ದಂಡೆಯ ಹಳೆಯ ಪ್ರಾರ್ಥನಾಮಂದಿರವನ್ನು ಚರ್ಚಿನ ವಶಕ್ಕೆ ಬಿಟ್ಟುಕೊಡುವುದೋ, ಅಥವಾ ಅಲ್ಲಿ ಬೇಸಿಗೆಯ ಕಾಫಿ ಅಂಗಡಿ ಇಡುತ್ತೇನೆಂದು ಬಂದ ಪಟ್ಟಣದವನಿಗೆ ಕೊಡುವುದೋ, ಸಂಜೆ ನಾಲ್ಕಕ್ಕೆ ಊರಿನ ಮಂಡಳಿ ಕೂತು ತೀರ್ಮಾನಿಸಲಿತ್ತು. ಅಷ್ಟರೊಳಗೆ ಚರ್ಚಿನ ಸಮಿತಿಯ ಎಲ್ಲರ ಸಹಿಯೂ ಪತ್ರದ ಮೇಲೆ ಬೀಳಬೇಕು. ಇಲ್ಲಿ ಸಹಿ ಎಂದರೆ ಮಸಿಯ ಸಹಿಯಲ್ಲ. ಗುರುತಿನ ಕಾರ್ಡನ್ನು ಅದನ್ನು ಓದುವ ಪುಟ್ಟ ಪೆಟ್ಟಿಗೆಗೆ, ಅಂದರೆ ರೀಡರಿಗೆ, ಸಿಕ್ಕಿಸಿ, ಗುಟ್ಟಿನ ಅಂಕಿ ಒತ್ತಬೇಕು. ಪತ್ರ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ಹೋಗುತ್ತ ಸಹಿಗಳನ್ನು ಕೂಡಿಸಿಕೊಳ್ಳುತ್ತದೆ. ಉಳಿದವರೆಲ್ಲ ಹಾಕಿದ್ದರು. ಉಳಿದದ್ದು ಸಾಲ್ಮೆಯದೊಂದೇ.

ಆ ಮಂದಿರದ ಬೆನ್ನಿಗೇ ಅವಳ ಗಂಡ ಕಾರೆಲ್ ಮಲಗಿದ್ದ. ಅವನ ಮಣ್ಣಿನ ಮೇಲೆ ಇನ್ನೂ ಹುಲ್ಲು ಸರಿಯಾಗಿ ಕೂಡಿರಲಿಲ್ಲ.

ಕಾರ್ಡ್ ಸಿಕ್ಕಿಸಿದಳು. ಪರದೆಯ ಮೇಲೆ, ರೀಡರ್ ಕಾಣುತ್ತಿಲ್ಲ ಎಂದು ಬಂತು. ತೆಗೆದು, ಅದರ ಮೇಲಿನ ಚಿನ್ನದ ಬಣ್ಣದ ಚಿಪ್ ಅನ್ನು ಕನ್ನಡಕದ ಬಟ್ಟೆಯಿಂದ ಒರೆಸಿ ಮತ್ತೆ ಸಿಕ್ಕಿಸಿದಳು. ಅದೇ ಮಾತು.

ಅಷ್ಟರಲ್ಲಿ ಪಕ್ಕದ ಮನೆಯ ಮೇತಾ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಚಳಿಗಾಲದಲ್ಲಿ ಆ ದಂಡೆಯಲ್ಲಿ ಹೊಗೆ ಏಳುವ ಮನೆಗಳು ಅವರಿಬ್ಬರವೇ. ಮೇತಾ ಸಾಲ್ಮೆಗಿಂತ ಹಿರಿಯಳು. ಕಂಪ್ಯೂಟರಿಟ್ಟವಳಲ್ಲ, ಇಡುವವಳೂ ಅಲ್ಲ. ಮೇಜಿನ ಮೇಲೆ ರಾತ್ರಿಯೇ ಇಟ್ಟಿದ್ದ ತಟ್ಟೆಯನ್ನು ನೋಡಿದಳು. ಕಪ್ಪು ರೊಟ್ಟಿ, ಹೊಗೆಯಾಡಿಸಿದ ಮೀನಿನ ತುಂಡು, ಒಂದು ಲೋಟ ಬಿಯರು.

"ಪಾದ್ರಿಗಳು ಕೇಳಿದ್ರೆ ಏನಂತೀಯ? ಚರ್ಚಿನ ಸಮಿತೀಲಿರೋಳು, ಸತ್ತೋರಿಗೆ ಊಟ ಇಡ್ತಾಳೆ!"

"ನಮ್ಮಮ್ಮ ಇಡ್ತಿದ್ಲು, ನಾನೂ ಇಟ್ಟೆ. ದೇವರಿಗೆ ಅದರಿಂದೇನೂ ಕಡಿಮೆಯಾಗಲ್ಲ ಮೇತಕ್ಕ. ಸುಮ್ನೆ ಕೂತ್ಕೊ. ನನಗೀಗ ಬೇರೆ ಚಿಂತೆ ಇದೆ."

"ನೂಲೋದು, ಬಡಿಯೋದು, ಕಟಕಟ ಸದ್ದು ಮಾಡೋದು, ಒಂದೂ ಆಗದು ಕಣೇ ಈ ತಿಂಗಳು. ಆತ್ಮಗಳು ಮನೆಗೆ ಬಂದು ಕೂತಿರ್ತಾವೆ. ನೀನು ಆ ಗುಂಡಿಗಳನ್ನ ಹಾಗೆ ಕುಟ್ಟಬೇಡ."

ಸಾಲ್ಮೆ ಕುಟ್ಟುವುದನ್ನು ಬಿಡಲಿಲ್ಲ. ಮೇತಾ ಹೆಣಿಗೆ ತೆಗೆದು ಒಲೆಯ ಬಳಿ ಕೂತಳು. ಹೆಣಿಗೆಗೆ ಸದ್ದಿಲ್ಲ, ಅದಕ್ಕೆ ದೋಷವಿಲ್ಲ.

ಫೋನ್ ಬಂತು. ಕಾರೆಲ್‌ನ ತಮ್ಮ ಉರ್ಮಾಸ್, ಆಚೆ ದಂಡೆಯಿಂದ.

"ಎಲ್ಲಿಗೆ ಬಂತು ಅತ್ತಿಗೆ? ಪಾದ್ರಿಗಳು ನನ್ನ ತಲೆ ತಿಂತಿದ್ದಾರೆ."

"ರೀಡರ್ ಕಾಣ್ತಿಲ್ಲ ಅಂತಿದೆ."

"ನಾನು ಅವತ್ತೇ ಬಡ್ಕೊಂಡೆ! ಎಲ್ಲರ ಮನೇಲಿರೋ ವಿಂಡೋಸ್ ಬಿಟ್ಟು ಅಣ್ಣ ಆ ಲಿನಕ್ಸ್ ಕಟ್ಕೊಂಡ. ಜಗತ್ತೆಲ್ಲ ಒಂದು ದಾರಿ ಹಿಡಿದ್ರೆ ಇವನು ಕಾಡು ಹತ್ತೋನು. ದೋಣಿ ಓಡ್ತಿದ್ರೆ ನಾನೇ ಬಂದು ಆ ಯಂತ್ರ ಎತ್ತಿ ಕಡಲಿಗೆಸೀತಿದ್ದೆ."

"ದೋಣಿ ಇಲ್ಲದ್ದು ಯಂತ್ರದ ಪುಣ್ಯ."

"ಲೈಬ್ರರಿಗೆ ಹೋಗಿ."

"ಶುಕ್ರವಾರ ಬೀಗ."

"ಫೋನಿನಲ್ಲೇ ಸಹಿ ಹಾಕೋ ಸಿಮ್ಮು?"

"ಅದು ಬೇಕಂದ್ರೆ ನಿನ್ನ ಕಡೆಯ ಅಂಗಡಿಗೆ ಬರಬೇಕು. ಹಾರ್ಕೊಂಡು ಬರಲಾ?"

ಉರ್ಮಾಸ್ ನಿಟ್ಟುಸಿರಿಟ್ಟ. "ಹಾಗಾದ್ರೆ ಡ್ರೈವರ್ ಕಿತ್ತು ಮತ್ತೆ ಹಾಕಿ ನೋಡಿ. ಆಗ್ಲಿಲ್ಲ ಅಂದ್ರೆ ಪಾದ್ರಿಗಳಿಗೆ ಹೇಳಿಬಿಡ್ತೀನಿ, ಸಹಿ ಬರಲ್ಲ ಅಂತ. ಅವರಾದ್ರೂ ಕಾಯೋದು ತಪ್ಪುತ್ತೆ."

"ನಾಲ್ಕು ಹೊಡೆಯೋ ತನಕ ಯಾರಿಗೂ ಏನೂ ಹೇಳಬೇಡ," ಎಂದು ಸಾಲ್ಮೆ ಫೋನ್ ಇಟ್ಟಳು.

ಡ್ರೈವರ್ ಎಂದರೆ ಆ ಪುಟ್ಟ ಪೆಟ್ಟಿಗೆಯ ಮಾತನ್ನು ಕಂಪ್ಯೂಟರಿಗೆ ಅರ್ಥಮಾಡಿಸುವ ದುಭಾಷಿ, ಅಷ್ಟೇ ಎಂದು ಕಾರೆಲ್ ಹೇಳುತ್ತಿದ್ದ. ಅದನ್ನು ತೆಗೆದು ಹೊಸದಾಗಿ ಹಾಕಿದಳು. ಎಷ್ಟೋ ಚಳಿಗಾಲ ಅವನ ಪಕ್ಕದಲ್ಲಿ ಕೂತು ಕಾಲುಚೀಲ ಹೆಣೆಯುತ್ತ, ಅವನು ಬರೆಯುವ ಸಾಲುಗಳನ್ನು ಕಣ್ಣಂಚಿನಲ್ಲಿ ನೋಡಿದವಳು ಅವಳು. ಕೈ ತಡವರಿಸಿ ಮಧ್ಯಾಹ್ನ ತಿರುಗಿದರೂ ಕೆಲಸ ಆಯಿತು. ರೀಡರ್ ಮಾತ್ರ ಕಾಣಲಿಲ್ಲ.

ಅವಳು ಎದ್ದು ಕಾಫಿ ಬಗ್ಗಿಸಿಕೊಂಡಳು.

ಸಾಲ್ಮೆ ದ್ವೀಪದ ಹವಾಮಾನ ಕೇಂದ್ರದಲ್ಲಿ ನೆರೆಗೂದಲು ಬರುವ ತನಕ ದುಡಿದವಳು. ಒಂದು ಚಳಿಗಾಲ ಗಾಳಿಯ ವೇಗ ಬರೆಯುವ ಮುಳ್ಳು ಸುಮ್ಮನೆ ನಿಂತುಬಿಟ್ಟಿತ್ತು. ಹೊರಗೆ ಬಿರುಗಾಳಿ, ಒಳಗೆ ಮುಳ್ಳು ಸೊನ್ನೆಯಲ್ಲಿ. ಎಲ್ಲರೂ ಯಂತ್ರ ಸತ್ತಿತೆಂದರು. ಅವಳು ಮಾಡಿನ ಮೇಲೆ ಹತ್ತಿ ನೋಡಿದಳು, ಗಾಳಿ ಹಿಡಿಯುವ ಬಟ್ಟಲುಗಳು ತಿರುಗುತ್ತಿದ್ದವು. ಕೆಳಗಿಳಿದು ಮುಳ್ಳನ್ನು ಬೆರಳಿಂದ ತಳ್ಳಿದಳು, ಅದೂ ಸರಿಯಿತ್ತು. ಹಾಗಾದರೆ ದೋಷ ನಡುವೆ. ಗೋಡೆಯ ಹಲಗೆ ಬಿಚ್ಚಿದಾಗ ಇಲಿ ಕಡಿದ ತಂತಿ ಸಿಕ್ಕಿತ್ತು. ಎರಡು ತುದಿಯನ್ನೂ ನೋಡದೆ ನಡುವಿನದನ್ನು ಊಹಿಸಬಾರದು. ಅವಳಿಗೆ ತಿಳಿದ ವಿದ್ಯೆ ಅದು.

ಮೊದಲ ತುದಿ ರೀಡರ್. ಕಂಪ್ಯೂಟರಿಗೆ ಚುಚ್ಚಿರುವ ಸಾಮಾನುಗಳನ್ನೆಲ್ಲ ಹೇಳೆಂದು ಆಜ್ಞೆ ಬರೆದಳು. ಕೀಲಿಮಣೆ, ಮೌಸು, ಅವುಗಳ ಕೆಳಗೆ ರೀಡರಿನ ಹೆಸರು. ಅಂದರೆ ಅದು ಬದುಕಿದೆ, ತಂತಿ ಸರಿಯಿದೆ.

ಇನ್ನೊಂದು ತುದಿ, ಕಾರ್ಡಿನ ಕೆಲಸ ನೋಡಿಕೊಳ್ಳುವ ಸೇವೆ. ಒಳಗೆ ಸದ್ದಿಲ್ಲದೆ ಓಡುತ್ತ, ಯಾರು ಕಾರ್ಡ್ ಕೇಳಿದರೂ ಒದಗಿಸುವ ಆಳು ಅದು. ಓಡುತ್ತಿದ್ದೀಯಾ ಎಂದು ಕೇಳಿದಳು. ಓಡುತ್ತಿದ್ದೇನೆ ಎಂದಿತು.

"ಇಬ್ಬರೂ ಮನೇಲಿದ್ದಾರೆ ಮೇತಕ್ಕ. ಆದ್ರೆ ಒಬ್ಬರಿಗೊಬ್ಬರು ಕಾಣ್ತಿಲ್ಲ."

"ನಮ್ಮನೇಲೂ ಹಾಗೇ ಇತ್ತು," ಎಂದಳು ಮೇತಾ, ಹೆಣಿಗೆಯಿಂದ ತಲೆಯೆತ್ತದೆ. "ನಲವತ್ತು ವರ್ಷ."

ಸಾಲ್ಮೆಗೆ ನಗು ಬಂತು. ಕಾರೆಲ್ ಹೋದ ಮೇಲೆ ಆ ಕುರ್ಚಿಯಲ್ಲಿ ಕೂತು ಅವಳು ನಕ್ಕದ್ದು ಅದೇ ಮೊದಲು.

ಸೇವೆ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ಅದನ್ನು ತೆರೆದು ಒಂದೊಂದೇ ಸಾಲು ಓದಿದಳು. ರೀಡರ್ ಸಿಕ್ಕಿತು. ತೆರೆಯಲು ಹೋದೆ. ತೆರೆಯಲಾಗಲಿಲ್ಲ. ಕೊನೆಗೆ ಇದ್ದ ಕಾರಣವನ್ನು ಅವಳು ಎರಡು ಸಲ ಓದಿದಳು: ಅದು ಈಗಾಗಲೇ ಬೇರೆಯವರ ಕೈಯಲ್ಲಿದೆ.

ಮನೆಯಲ್ಲಿ ಬೇರೆ ಯಾರಿದ್ದಾರೆ?

ಗೋಡೆಯ ಗಡಿಯಾರ ಮೂರು ದಾಟಿತ್ತು. ಹೊರಗಿನ ಬೆಳಕು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಸಾಲ್ಮೆ ತಾರ್ತು ನಗರದಲ್ಲಿದ್ದ ಪ್ರೀದಿಕ್‌ಗೆ ಫೋನ್ ಮಾಡಿದಳು. ಕಾರೆಲ್‌ಗೆ ಈ ಲಿನಕ್ಸಿನ ಹುಚ್ಚು ಹಿಡಿಸಿದ ಗೆಳೆಯ ಅವನೇ. ಮಣ್ಣು ಮಾಡುವ ದಿನ ಹಾಡಿನ ಪುಸ್ತಕ ಹಿಡಿದುಕೊಂಡು ಒಂದು ಸಾಲೂ ಹಾಡಲಾರದೆ ನಿಂತಿದ್ದವನು.

"ಸಾಲ್ಮೆಯವ್ರೇ! ಏನು, ಯಂತ್ರ ಮುನಿಸ್ಕೊಂಡಿದ್ಯಾ?"

ಅವಳು ನೋಡಿದ್ದನ್ನು ನೋಡಿದ ಹಾಗೆಯೇ, ಮೊದಲಿಂದ ಕೊನೆಯವರೆಗೆ ಹೇಳಿದಳು. ತನ್ನ ಊಹೆ ಒಂದನ್ನೂ ಸೇರಿಸಲಿಲ್ಲ.

"ಅರ್ಧ ಕೆಲಸ ನೀವೇ ಮಾಡಿದ್ದೀರಿ," ಎಂದ ಪ್ರೀದಿಕ್. "ರೀಡರ್ ಯಾರ ಕೈಲಿದೆ ಅಂತ ಯಂತ್ರನೇ ಹೇಳುತ್ತೆ. ನಾನು ಹೇಳಿದ ಹಾಗೆ ಬರೀರಿ."

ಅವನು ಹೇಳಿದಂತೆ ಬರೆದಳು. ಪರದೆಯ ಮೇಲೆ ಒಂದೇ ಸಾಲು ಬಂತು. ಅವಳು ಅದನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದಳು.

"ಇನ್ನೊಮ್ಮೆ ಓದಿ," ಎಂದ ಪ್ರೀದಿಕ್.

ಅವಳು ಓದಿದಳು. "ಸಾಲ್ಮೆಯವ್ರೇ, ಅದನ್ನ ಹಿಡ್ಕೊಂಡು ಕೂತಿರೋದು ಕಾರೆಲ್."

ಮೇತಾಳ ಕಡ್ಡಿಗಳು ನಿಂತವು.

"ನಮಗೆಲ್ಲ ಕಂಪ್ಯೂಟರಲ್ಲಿ ಪತ್ರ ಬರೆದಾಗ ತನ್ನದೇ ಮುದ್ರೆ ಒತ್ತಿ ಕಳಿಸ್ತಿದ್ನಲ್ಲ, ಅದಕ್ಕೆ ಬೇರೆ ಕಾರ್ಡು, ಬೇರೆ ಪ್ರೋಗ್ರಾಮು. ಯಂತ್ರ ಏಳ್ತಿದ್ದ ಹಾಗೇ ಅದೂ ಎದ್ದು, ಮೊದಲು ಓಡಿ ರೀಡರ್ ಹಿಡ್ಕೊಂಡು, ಅವನ ಕಾರ್ಡಿಗೆ ಕಾಯುತ್ತೆ. ಬೇರೆಯವರಿಗೆ ಬಿಟ್ಟುಕೊಡಲ್ಲ. ಅವನೇ ಹಾಗೆ ಕಟ್ಟಿಟ್ಟಿದ್ದಾನೆ. ನಿಮ್ಮ ಸಹಿ ಇದ್ದಾಗ ಅದನ್ನ ಮೊದಲು ನಿಲ್ಲಿಸ್ತಿದ್ದ ಅನ್ಸುತ್ತೆ."

ಹೌದು, ನಿಲ್ಲಿಸುತ್ತಿದ್ದ. ಅವಳ ಸಹಿಯ ದಿನ ಮೊದಲು ತಾನು ಕೂತು ಏನೋ ಒಂದು ಸಾಲು ಬರೆದು, "ಈಗ ನಿನ್ನದು" ಎಂದು ಕುರ್ಚಿ ಬಿಡುತ್ತಿದ್ದ. ಆಮೇಲೆ ಕಿಟಕಿಯ ಕಡೆ ಮುಖಮಾಡಿ ನಿಂತು ಒಂದು ಕೀರ್ತನೆ ಗುನುಗುತ್ತಿದ್ದ. ಗುಟ್ಟಿನ ಅಂಕಿ ಹೆಂಡತಿಯದಾದರೂ ನೋಡಬಾರದೆಂಬುದು ಅವನ ನೇಮ. ಆ ಒಂದು ಸಾಲು ಏನೆಂದು ಅವಳು ಯಾವತ್ತೂ ಕೇಳಿರಲಿಲ್ಲ.

"ನಾನು ಹೇಳ್ಲಿಲ್ವಾ?" ಮೇತಾ ಪಿಸುಗುಟ್ಟಿದಳು. "ಈ ತಿಂಗಳು ಬಂದು ಕೂತಿರ್ತಾರೆ ಅಂತ."

"ಮೇತಕ್ಕ, ಇದು ಪ್ರೋಗ್ರಾಮು."

"ಇರಬಹುದು. ಕೂತಿದೆ ತಾನೆ?"

ಪ್ರೀದಿಕ್ ಅದನ್ನು ನಿಲ್ಲಿಸುವ ಆ ಸಾಲನ್ನು ಹೇಳಿದ. ಸಾಲ್ಮೆ ಬರೆದಳು. ಇನ್ನು ಒಂದು ಗುಂಡಿ ಒತ್ತಿದರೆ ಸಾಕು. ಬೆರಳು ಅದರ ಮೇಲೆಯೇ ನಿಂತಿತು. ಅವನು ಹೋದ ಮೇಲೂ ದಿನಾ ಬೆಳಿಗ್ಗೆ ಎದ್ದು, ಅವನ ಕಾರ್ಡಿಗಾಗಿ ಕಾಯುತ್ತಿದ್ದ ಒಂದು ಜೀವ ಈ ಮನೆಯಲ್ಲಿ ತನ್ನ ಹೊರತು ಇನ್ನೊಂದಿತ್ತೇ! ಅವನ ಕೋಟನ್ನು ಉರ್ಮಾಸ್‌ಗೆ ಕೊಟ್ಟಿದ್ದಳು, ಬಲೆಗಳನ್ನು ಕೊಟ್ಟಿದ್ದಳು. ಇದನ್ನು ಕೊಡಬೇಕಾದೀತೆಂದು ಅವಳು ಎಣಿಸಿರಲಿಲ್ಲ.

"ಸಾಲ್ಮೆಯವ್ರೇ, ಗಂಟೆ ಮೂರೂಮುಕ್ಕಾಲು," ಎಂದ ಪ್ರೀದಿಕ್, ಮೆಲ್ಲಗೆ.

ಮೇತಾ ಹೆಣಿಗೆ ಕೆಳಗಿಟ್ಟು ಎದ್ದು ಬಂದಳು. ಮೇಜಿನ ಮೇಲಿನ ತಟ್ಟೆಯನ್ನು ಎರಡೂ ಕೈಯಲ್ಲಿ ತುಸು ಸರಿಸಿದಳು. ಊಟ ಮುಗಿದ ಮೇಲೆ ಆತ್ಮಗಳಿಗೆ ಮನೆಯೊಡತಿ ಹೇಳಬೇಕಾದ ಮಾತು ಒಂದಿದೆ. ಆ ಮಾತು ಹೇಳದಿದ್ದರೆ ಅವು ಹೊಸ್ತಿಲು ದಾಟಲಾರದೆ ಅಲೆಯುತ್ತವೆ ಎಂಬುದು ಹಳಬರ ನಂಬಿಕೆ.

"ನೀನೇ ಹೇಳಬೇಕು ಕಣೇ. ನಾನು ಹೇಳಿದ್ರೆ ಆಗಲ್ಲ. ಮನೆ ನಿಂದು."

ಇಂಥದಕ್ಕೆಲ್ಲ ಚರ್ಚಿನಲ್ಲಿ ಜಾಗವಿಲ್ಲವೆಂದು ಸಾಲ್ಮೆಗೆ ಗೊತ್ತು. ಆದರೂ ಅವಳು ಮನಸ್ಸಿನಲ್ಲಿ ಮೊದಲು ದೇವರನ್ನು ನೆನೆದು, ಆಮೇಲೆ ಬಾಯಿಬಿಟ್ಟಳು.

"ಉಂಡಾಯ್ತು, ಕುಡಿದಾಯ್ತು, ಕಾರೆಲ್. ಇನ್ನು ನಿನ್ನ ದಾರಿ ಹಿಡಿ. ಹೋಗ್ತಾ ನಮ್ಮ ಹೊಲ, ನಮ್ಮ ದಂಡೆ ಕಾಯ್ಕೊಂಡು ಹೋಗು."

ಗುಂಡಿ ಒತ್ತಿದಳು.

ಸೇವೆಯನ್ನು ಮತ್ತೊಮ್ಮೆ ಎಬ್ಬಿಸಿದಳು. ರೀಡರಿನ ಹಸಿರು ದೀಪ ಮಿನುಗಿ, ನಿಂತು, ಹಾಗೇ ಉರಿಯಿತು. ಪರದೆಯ ಮೇಲೆ ಅವಳ ಹೆಸರು, ಹುಟ್ಟಿದ ದಿನ. ಸಹಿಯ ಅಂಕಿ ಕೊಡಿ ಎಂದು ಕೇಳಿತು. ಕಾರ್ಡಿಗೆ ಗುಟ್ಟಿನ ಅಂಕಿ ಎರಡು: ಗುರುತು ಹೇಳಲು ಗಿಡ್ಡನೆಯದು, ಸಹಿಗೆ ಉದ್ದನೆಯದು. ಒಂದರ ಜಾಗದಲ್ಲಿ ಇನ್ನೊಂದನ್ನು ಮತ್ತೆಮತ್ತೆ ಒತ್ತಿದರೆ ಕಾರ್ಡ್ ಬಾಯಿ ಮುಚ್ಚಿಬಿಡುತ್ತದೆ. ಆತುರದಲ್ಲಿ ಕೈ ಗಿಡ್ಡನೆಯದರ ಕಡೆ ಹೋದದ್ದನ್ನು ಅವಳು ತಡೆದಳು. ಕೈಯನ್ನು ಮಡಿಲಲ್ಲಿಟ್ಟು ಒಂದು ಉಸಿರು ಬಿಟ್ಟಳು.

"ಮೇತಕ್ಕ, ಆ ಕಡೆ ತಿರುಗು."

"ನನಗೆ ಕನ್ನಡಕವೇ ಇಲ್ವಲ್ಲೇ, ಏನು ನೋಡ್ಲಿ!" ಎನ್ನುತ್ತಲೇ ಮೇತಾ ಕಿಟಕಿಯ ಕಡೆ ತಿರುಗಿದಳು. ಸುಮ್ಮನೆ ನಿಲ್ಲಲಾರದೆ ಏನೋ ಗುನುಗಿದಳು. ಅದು ಕೀರ್ತನೆಯಲ್ಲ, ದೋಣಿಯವರ ಪೋಲಿ ಹಾಡು. ಸಾಲ್ಮೆ ಉದ್ದನೆಯ ಅಂಕಿಯನ್ನು ಒಂದೊಂದಾಗಿ ಒತ್ತಿದಳು.

ಸಹಿ ಆಯಿತು. ಪತ್ರ ಹೋಯಿತು.

ಪಾದ್ರಿಗಳು ಫೋನ್ ಮಾಡಿದಾಗ ಕತ್ತಲಾಗಿತ್ತು. "ಸಾಲ್ಮೆ, ಮಂಡಳಿ ಒಪ್ಪಿತಮ್ಮ. ಮಂದಿರ ನಮ್ಮದು. ನಿಮ್ಮ ಸಹಿ ಬಂದಾಗ ಅವರು ಸಭೆಗೆ ಕೂರೋಕೆ ಬಾಗಿಲು ಹಾಕ್ಕೊಳ್ತಿದ್ರು." ಅವರ ಹಿಂದೆಯೇ ಉರ್ಮಾಸ್‌ನ ಫೋನು.

"ಏನು ಮಾಡಿದ್ರಿ ಅತ್ತಿಗೆ? ಯಾರಾದ್ರೂ ಬಂದು ಸರಿಮಾಡಿದ್ರಾ?"

"ನಿಮ್ಮಣ್ಣ ಜಾಗ ಬಿಟ್ಟ," ಎಂದಳು. ಉರ್ಮಾಸ್‌ಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ.

ಆದರೆ ನಾಳೆ ಯಂತ್ರ ಎದ್ದರೆ ಆ ಪ್ರೋಗ್ರಾಮೂ ಮತ್ತೆ ಏಳುತ್ತದೆ. ಮಂದಿರ ಚರ್ಚಿಗೆ ಬಂದ ಮೇಲೆ ಸಮಿತಿಗೆ ಕೆಲಸ ಹೆಚ್ಚು, ಸಹಿಗಳು ಬರುತ್ತಲೇ ಇರುತ್ತವೆ. ಪ್ರೀದಿಕ್ ಹೇಳಿಕೊಟ್ಟಂತೆ ಅವಳು ಕಾರೆಲ್ ಬರೆದಿಟ್ಟಿದ್ದ ಕಡತವನ್ನು ತೆರೆದಳು. ಆ ಪ್ರೋಗ್ರಾಮನ್ನು ಎಬ್ಬಿಸುವ ಸಾಲು ಅಲ್ಲಿತ್ತು, ಅವನ ಕೈಯ ಸಾಲು.

"ಅಳಿಸಿಬಿಡಬಹುದು," ಎಂದಿದ್ದ ಪ್ರೀದಿಕ್. "ಇಲ್ಲ ಅಂದ್ರೆ ಅದರ ಮುಂದೆ ಒಂದು ಗುರುತು ಹಾಕಿ ಸಾಕು. ಆ ಗುರುತಿದ್ರೆ ಯಂತ್ರ ಆ ಸಾಲನ್ನ ಬಿಟ್ಟು ಮುಂದೆ ಹೋಗುತ್ತೆ. ಮನುಷ್ಯರು ಓದ್ಕೋಬಹುದು."

ಸಾಲ್ಮೆ ಆ ಸಾಲಿನ ಮುಂದೆ ಗುರುತು ಹಾಕಿದಳು. ಒಮ್ಮೆ ಓದಿಕೊಂಡಳು. ಕಡತ ಮುಚ್ಚಿ, ಮೇಣದಬತ್ತಿಯನ್ನೂ ಬೆಂಕಿಪೊಟ್ಟಣವನ್ನೂ ಕೋಟಿನ ಜೇಬಿಗೆ ಹಾಕಿಕೊಂಡು, ಮಂದಿರದ ಬೆನ್ನಿಗಿದ್ದ ಮಣ್ಣಿನ ಕಡೆಗೆ ಗಾಳಿಯಲ್ಲಿ ನಡೆದಳು.