ಅಳಿಯ ಆರಿಸಿದ ಬ್ಯಾಗು

ಮದುವೆಗೆ ಇನ್ನು ಹದಿನೆಂಟೇ ದಿನ ಇತ್ತು. ಗಂಡಿಗೆ ಬಟ್ಟೆ, ಷೂ, ಸೂಟ್‌ಕೇಸು ಕೊಡಿಸುವುದು ಹೆಣ್ಣಿನ ತಂದೆಯ ಪಾಲಿನ ಕೆಲಸ. ಗಂಡು ತನಗೆ ಬೇಕಾದ್ದನ್ನು ಮುಟ್ಟಿ ನೋಡಿ ಆರಿಸುತ್ತಾನೆ. ಮಾವನಾಗುವವನು ಪಕ್ಕದಲ್ಲಿ ನಿಂತು ‘ಆಗಲಿ ಆಗಲಿ’ ಅನ್ನಬೇಕು, ಬೆಲೆ ಕೇಳಿ ಮುಖ ಸಣ್ಣದು ಮಾಡಬಾರದು. ಶ್ರೀನಿವಾಸಪುರದ ಕಡೆ ಗುಡ್ಡ ಕಾಯುವ ಅರಣ್ಯ ವಾಚರ್ ಮುನಿಶಾಮಿ ಅವತ್ತು ಖಾಕಿ ಬಿಚ್ಚಿಟ್ಟು, ಹೆಂಡತಿ ಶ್ಯಾಮಲಮ್ಮ ಇಸ್ತ್ರಿ ಮಾಡಿಸಿ ಕೊಟ್ಟ ಬಿಳಿ ಅಂಗಿ ತೊಟ್ಟು, ಕೋಲಾರದ ದೊಡ್ಡಪೇಟೆಯಲ್ಲಿ ಭಾವಿ ಅಳಿಯ ಚಂದ್ರುವಿನ ಹಿಂದೆ ಹಿಂದೆ ತಿರುಗುತ್ತಿದ್ದ.

ಬಟ್ಟೆ ಆಯಿತು, ಷೂ ಆಯಿತು. ಸೂಟ್‌ಕೇಸಿನ ಸರದಿ ಬಂದಾಗ ಚಂದ್ರು ತಲೆಯಾಡಿಸಿದ.

“ಸೂಟ್‌ಕೇಸ್ ತಗೊಂಡು ನಾನೆಲ್ಲಿಗೆ ಹೋಗ್ಲಿ ಮಾವ? ಬೆನ್ನಿಗೆ ಹಾಕ್ಕೊಳೋ ಒಂದು ಬ್ಯಾಗ್ ಕೊಡಿಸ್ಬಿಡಿ ಸಾಕು. ನೋಡೋಕೆ ಚಿಕ್ಕದಿರ್ಬೇಕು, ಭಾರ ಹಾಕಿದ್ರೆ ತಡೀಬೇಕು. ಹಳೇದು ಹರಿದೋಯ್ತು.”

“ಫ್ಯಾಕ್ಟರಿಗಾ?”

“ಹೂಂ, ಫ್ಯಾಕ್ಟರಿಗೇ. ಊಟದ ಡಬ್ಬಿ, ನೀರು, ಅದೂ ಇದೂ.”

ಎಂಥ ಹುಡುಗ ಸಿಕ್ಕಿದನಪ್ಪ ಎಂದು ಮುನಿಶಾಮಿ ಒಳಗೊಳಗೇ ಹಿಗ್ಗಿದ. ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸ, ಹುತ್ತೂರಿನ ಹತ್ತಿರ ಹಿಪ್ಪುನೇರಳೆ ತೋಟ, ಒಬ್ಬನೇ ಮಗ. ಅಂಥವರು ತಾವಾಗಿಯೇ ಹೇಳಿಕಳಿಸಿ ದಿನಗೂಲಿ ವಾಚರನೊಬ್ಬನ ಮಗಳನ್ನು ಕೇಳಿದ್ದರು. ವರದಕ್ಷಿಣೆಯ ಸೊಲ್ಲೇ ಎತ್ತಿರಲಿಲ್ಲ. ಇದನ್ನು ಮುನಿಶಾಮಿ ಊರಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಅವನು ಎದುರಿಗೆ ಬರುವುದು ಕಂಡರೆ ಜನ ಪಕ್ಕದ ಗಲ್ಲಿಗೆ ನುಗ್ಗುತ್ತಿದ್ದರು.

ಆದರೂ ಅವನಿಗೆ ನೆಮ್ಮದಿಯಿರಲಿಲ್ಲ. ಮೂರು ತಿಂಗಳಿಂದ ಅವನ ಗುಡ್ಡದಲ್ಲಿ ಯಾರೋ ಉರುಲು ಒಡ್ಡುತ್ತಿದ್ದರು. ಬೈಕಿನ ಕ್ಲಚ್ ವೈರಿನಿಂದ ಮಾಡಿದ್ದು, ಕಾಡುಹಂದಿ ಓಡಾಡುವ ಜಾಡಿನ ಮೇಲೆ ಸರಿಯಾಗಿ ಕಟ್ಟಿದ್ದು. ಮುನಿಶಾಮಿ ಹೋಗಿ ನೋಡುವ ಹೊತ್ತಿಗೆ ಕರುಳು, ಗೊರಸು ಮಾತ್ರ ಬಿದ್ದಿರುತ್ತಿದ್ದವು. ನೆಲದ ಮೇಲೆ ಎಳೆದ ಗುರುತಿಲ್ಲ, ಇಬ್ಬರು ಹೊತ್ತ ಗುರುತೂ ಇಲ್ಲ. ಒಬ್ಬನೇ ಬಂದು, ಮಾಂಸವನ್ನು ಬೆನ್ನಿಗೇರಿಸಿ, ಎರಡೂ ಕೈಯಲ್ಲಿ ಬಂಡೆ ಹಿಡಿದುಕೊಂಡು ಇಳಿದು ಹೋಗಿರುತ್ತಿದ್ದ. ಅದೂ ಹೇಗೆ? ಮುನಿಶಾಮಿ ಪೂರ್ವದ ಮಗ್ಗುಲಿಗೆ ಗಸ್ತಿನ ಬೀಟು ಹೋದ ದಿನ ಕಳ್ಳ ಪಡುವಣ ಮಗ್ಗುಲಲ್ಲಿ. ‘ನೀನು ನಿದ್ದೆ ಮಾಡ್ತಿದ್ಯೋ, ಕಳ್ಳನಿಗೆ ದಿವ್ಯದೃಷ್ಟಿ ಇದೆಯೋ, ಎರಡರಲ್ಲಿ ಒಂದು’ ಎಂದು ಮೇಲಿನವರು ಎಲ್ಲರ ಮುಂದೆ ಅಂದುಬಿಟ್ಟಿದ್ದರು. ಅವತ್ತಿನಿಂದ ಮುನಿಶಾಮಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಉಣ್ಣುತ್ತಿದ್ದರೂ ಮನಸ್ಸು ಗುಡ್ಡದಲ್ಲೇ ಇರುತ್ತಿತ್ತು.

ಮೊದಲನೇ ಅಂಗಡಿಯಲ್ಲಿ ಚಂದ್ರು ಎಂಟು ಬ್ಯಾಗು ಇಳಿಸಿ ನೋಡಿದ. ಮಿಂಚುವುದು ಬೇಡವೆಂದ. ಕೆಂಪು ಬೇಡ, ನೀಲಿ ಬೇಡ. ಒಂದರ ಜಿಪ್ಪನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಎಳೆದು ಕೇಳಿಸಿಕೊಂಡ. ಇನ್ನೊಂದರ ಅಂಟುಪಟ್ಟಿ ಪರ್ರನೆ ಬಿಚ್ಚಿಕೊಂಡಾಗ ಮುಖ ಕಿವುಚಿ ಅದನ್ನು ಪಕ್ಕಕ್ಕೆ ಎಸೆದ.

“ಸದ್ದು ಜಾಸ್ತಿ,” ಎಂದ.

ಸದ್ದಾದರೆ ಏನಂತೆ, ಕಾರ್ಖಾನೆಯಲ್ಲಿ ಇದಕ್ಕಿಂತ ಸಾವಿರ ಪಾಲು ಸದ್ದಿರುತ್ತದಲ್ಲ ಎಂದು ಮುನಿಶಾಮಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟ. ಹುಡುಗರ ಚಪಲ, ಯಾರಿಗೆ ಗೊತ್ತು.

ಎರಡನೆಯದು ಮುರಳಿಮೋಹನ್ ಎಂಬುವನ ಅಂಗಡಿ. ಹೊರದೇಶಕ್ಕೆಂದು ಹೊಲಿದು, ಸಣ್ಣಪುಟ್ಟ ಐಬಿಗೆ ವಾಪಸು ಬಂದ ಮಾಲನ್ನು ಅವನು ಮಾರುತ್ತಿದ್ದ. ಮೂಲೆಯಿಂದ ಒಂದನ್ನು ಎಳೆದು ಧೂಳು ಕೊಡವಿದ. ಒಣಗಿದ ಎಲೆಯ ಬಣ್ಣ, ಶಾಲೆಯ ಮಕ್ಕಳ ಬ್ಯಾಗಿಗಿಂತ ತುಸು ದೊಡ್ಡದು, ಬೆನ್ನಿಗೆ ತಾಗುವ ಕಡೆ ಒಳಗೆ ಗಟ್ಟಿ ಚೌಕಟ್ಟು, ಸೊಂಟಕ್ಕೆ ಅಗಲವಾದ ಪಟ್ಟಿ.

“ಚೂಡಂಡಿ ಸಾರ್, ಫಾರಿನ್‌ನಲ್ಲಿ ಬೇಟೆಗೆ ಹೋಗೋರು ಹಾಕ್ಕೊಳೋದು,” ಎಂದು ಮುರಳಿಮೋಹನ್ ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಹೊಗಳಿದ. “ನಮ್ಮಲ್ಲಿ ಕಾಲೇಜ್ ಹುಡುಗ್ರು ತಗೋತಾರೆ. ಇಲ್ಲಿ ಚೌಕಟ್ಟಿಗೂ ಬ್ಯಾಗಿಗೂ ಮಧ್ಯ ಜಾಗ ಬಿಟ್ಟವ್ರೆ ನೋಡಿ. ಯಾತಕ್ಕೆ ಅಂತ ನಂಗೂ ಗೊತ್ತಿಲ್ಲ. ಜಾಕೆಟ್ಟು ಗೀಕೆಟ್ಟು ಸಿಕ್ಕಿಸ್ಕೊಳೋಕಿರ್ಬೇಕು.”

ಚಂದ್ರುವಿನ ಕೈ ನೇರವಾಗಿ ಆ ಸಂದಿಗೇ ಹೋಯಿತು. ಪಕ್ಕದ ಪಟ್ಟಿಗಳನ್ನು ಸಡಿಲಿಸಿ ಬ್ಯಾಗನ್ನು ಚೌಕಟ್ಟಿನಿಂದ ದೂರಕ್ಕೆ ಎಳೆದ. ನಡುವೆ ಒಂದು ಹಂದಿಯ ತೊಡೆ ಹಿಡಿಯುವಷ್ಟು ಜಾಗವಾಯಿತು. ಚಂದ್ರುವಿನ ಮುಖ ಅರಳಿತು.

ಆಮೇಲೆ ನೀರಿನ ಬಾಟಲಿ ತೆಗೆದು ಬ್ಯಾಗಿನೊಳಕ್ಕೆ ಸುರಿದು, ಎತ್ತಿ ಹಿಡಿದು, ತಳದಿಂದ ತೊಟ್ಟಿಕ್ಕುತ್ತದೋ ಎಂದು ನೋಡಿದ. ಮಳೆಗೆ ಹೆದರುವವನು ಬ್ಯಾಗಿನ ಮೇಲೆ ನೀರು ಸುರಿಯುತ್ತಾನೆ. ಒಳಗಿನದು ಹೊರಗೆ ಸೋರಬಾರದು ಎನ್ನುವವನು ಮಾತ್ರ ಒಳಗೆ ಸುರಿಯುತ್ತಾನೆ.

ಮುನಿಶಾಮಿಗೆ ಇದು ಹೊಳೆಯಲು ಕಾರಣವಿತ್ತು. ಇಪ್ಪತ್ತೈದು ವರ್ಷದ ಕೆಳಗೆ ಅವನೂ ಹಂದಿ ಹೊಡೆಯುತ್ತಿದ್ದವನೇ. ಗೋಣಿಚೀಲದಿಂದ ರಕ್ತ ಸೋರಿ, ಅದರ ಜಾಡು ಹಿಡಿದು ಬಂದ ರೇಂಜರ್ ಹಳ್ಳದ ದಂಡೆಯಲ್ಲಿ ಅವನನ್ನು ಹಿಡಿದಿದ್ದರು. ಆಗ ಶ್ಯಾಮಲಮ್ಮ ತುಂಬು ಬಸುರಿ. ಮಗಳು ಮಾನಸ ಹುಟ್ಟಿದಾಗ ಅಪ್ಪ ಜೈಲಿನಲ್ಲಿದ್ದ. ಕೂಸಿಗೆ ನಲವತ್ತು ದಿನ ತುಂಬಿದ ಮೇಲೆ ಅದರ ಮುಖ ನೋಡಿದ. ಅವತ್ತೇ ಕೂಸಿನ ತಲೆ ಮುಟ್ಟಿ ಬೇಟೆ ಬಿಟ್ಟ. ಗುಡ್ಡದ ಒಂದೊಂದು ಕಲ್ಲೂ ಇವನಿಗೆ ಗೊತ್ತೆಂದು ಅದೇ ರೇಂಜರ್ ಅವನನ್ನು ವಾಚರ್ ಕೆಲಸಕ್ಕೆ ಹಾಕಿಕೊಂಡರು.

“ಪಕ್ಕದಂಗಡಿಯಿಂದ ಒಂದು ಮೂಟೆ ಅಕ್ಕಿ ತರಿಸ್ತೀರಾ? ಇಪ್ಪತ್ತೈದು ಕೆಜೀದು,” ಎಂದು ಚಂದ್ರು ಮುರಳಿಮೋಹನನನ್ನು ಕೇಳುತ್ತಿದ್ದ.

“ಊಟದ ಡಬ್ಬಿಗೆ ಇಪ್ಪತ್ತೈದು ಕೆಜೀನಾ ಸಾರ್?” ಮುರಳಿಮೋಹನ್ ನಕ್ಕ. ನಗುತ್ತಲೇ ಹೋಗಿ ತಂದ.

ಚಂದ್ರು ಮೂಟೆಯನ್ನು ಸಂದಿಗೆ ಇಳಿಸಿ, ಪಟ್ಟಿ ಬಿಗಿದು, ಬೆನ್ನಿಗೇರಿಸಿದ. ಮಂಡಿ ಮಡಚಿ ಕುಕ್ಕರಗಾಲಲ್ಲಿ ಕೂತ. ಕೂತಲ್ಲಿಂದ ಸದ್ದಿಲ್ಲದೆ ಎದ್ದ. ಬಟ್ಟೆ ನೇತುಹಾಕಿದ್ದ ಕಂಬಿಯ ಕೆಳಗೆ ಬಗ್ಗಿ ಆ ಕಡೆ ದಾಟಿದ. ಎರಡೂ ಕೈ ಖಾಲಿ ಇದ್ದವು. ಮುರಳಿಮೋಹನ್ ಸರ್ಕಸ್ಸು ನೋಡುವವನ ಹಾಗೆ ನಿಂತುಬಿಟ್ಟ.

ಮುನಿಶಾಮಿಯ ಕಾಲು ಒಂದೆಡೆ ನಿಲ್ಲಲಿಲ್ಲ. ಬಾಗಿಲ ತನಕ ಹೋದ, ವಾಪಸು ಬಂದ, ಮತ್ತೆ ಹೋದ. ಇಲ್ಲ, ಇರಲಾರದು. ಹುಡುಗ ಚಾರಣಕ್ಕೆ ಹೋಗುತ್ತಾನೇನೋ, ಅಂತರಗಂಗೆ ಬೆಟ್ಟ ಹತ್ತುತ್ತಾನೇನೋ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿರುವಾಗಲೇ ಅವನ ಕೈ ತಾನಾಗಿ ಮುಂದೆ ಹೋಗಿ ಅಳಿಯನ ಬೆನ್ನ ಮೇಲಿನ ಪಟ್ಟಿಯನ್ನು ಒಂದು ಗೇಣು ಮೇಲಕ್ಕೆ ಎಳೆದು ಬಿಗಿಯಿತು.

“ಭಾರ ಮೇಲಕ್ಕಿರ್ಲಿ. ಕೆಳಕ್ಕಿದ್ರೆ ಬಂಡೆ ಇಳಿಯೋವಾಗ ಹಿಂದಕ್ಕೆ ಎಳೀತದೆ,” ಎಂದುಬಿಟ್ಟ.

ಚಂದ್ರು ತಿರುಗಿ ನೋಡಿದ. ನಕ್ಕ. ಅದು ಹೊಸ ಮಾವನಿಗೆ ತೋರಿಸುವ ನಗೆಯಲ್ಲ, ಜೊತೆಗಾರನಿಗೆ ತೋರಿಸುವ ನಗೆ.

“ಗೊತ್ತಿರೋರಿಗೇ ಗೊತ್ತಾಗೋದು ಮಾವ,” ಎಂದ ಮೆಲ್ಲಗೆ.

ಮುನಿಶಾಮಿಗೆ ಕೈ ಸುಟ್ಟಂತಾಯಿತು. “ಅದನ್ನ ಇಳಿಸಿ ಅಳಿಯಂದ್ರೇ. ಸ್ವಲ್ಪ ಹೊರಗೆ ಬನ್ನಿ,” ಎಂದ.

ಅಂಗಡಿಯ ಎದುರಿಗೆ ಕಬ್ಬಿನ ಹಾಲಿನ ಗಾಡಿ. ಯಂತ್ರದ ಗೆಜ್ಜೆಯ ಸದ್ದಿನಲ್ಲಿ ಇನ್ನೊಬ್ಬರಿಗೆ ಮಾತು ಕೇಳಿಸುವಂತಿರಲಿಲ್ಲ. ಮುನಿಶಾಮಿ ಅಳಿಯನ ಮುಖ ನೋಡಿ ಕೇಳಿದ:

“ಕ್ಲಚ್ ವೈರು ಎಲ್ಲಿಂದ ತರ್ತೀಯ?”

ಇಷ್ಟು ದಿನದ ‘ನೀವು’, ‘ಬನ್ನಿ’ ಎಲ್ಲ ಅಲ್ಲೇ ಉದುರಿಹೋಯಿತು. ಚಂದ್ರು ಬೆಚ್ಚಿಬೀಳಲಿಲ್ಲ; ಬೆಚ್ಚಿದ್ದರೆ ಮುನಿಶಾಮಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

“ಹಂದಿ ತಾನೆ ಮಾವ. ರೈತರ ಕಡ್ಲೆಕಾಯಿ, ರಾಗಿ ತಿಂದು ಹಾಳು ಮಾಡೋ ಪ್ರಾಣಿ. ನಾನೇನು ಜಿಂಕೆ ಹೊಡೀತಿದೀನಾ? ಫ್ಯಾಕ್ಟರಿ ಹುಡುಗ್ರು ಕೇಳ್ತಾರೆ, ಮಾಲೂರಲ್ಲಿ ಒಬ್ಬ ತಗೋತಾನೆ. ನಿಮ್ಮ ಕಥೆ ಊರಿಗೆಲ್ಲ ಗೊತ್ತಿರೋದೇ. ನಿಮಗೆ ಹೇಳೋಕೆ ನಂಗೇನು ನಾಚಿಕೆ?”

“ವಾರ ವಾರ ಮನೆಗೆ ಬರ್ತಿದ್ದೆಯಲ್ಲ...” ಎಂದ ಮುನಿಶಾಮಿ.

ತಟ್ಟೆಯ ಮುಂದೆ ಕೂತು ಈ ಹುಡುಗ ಕೇಳುತ್ತಿದ್ದ ಮಾತು ಕಿವಿಯಲ್ಲಿ ಮೊಳಗಿತು: ‘ನಾಳೆ ಯಾವ ಕಡೆ ಬೀಟು ಮಾವ?’ ಎಷ್ಟು ಅಕ್ಕರೆಯ ಅಳಿಯ ಎಂದು ಖುಷಿಪಟ್ಟು, ಮುದ್ದೆಯ ಮೇಲೆ ಸಾರು ಬಡಿಸುತ್ತಾ ಎಲ್ಲವನ್ನೂ ಹೇಳಿದ್ದ. ಕಳ್ಳನ ದಿವ್ಯದೃಷ್ಟಿ ತಾನೇ ಆಗಿದ್ದ. ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿ ಮುನಿಶಾಮಿಯ ಕಣ್ಣು ತುಂಬಿತು.

“ಮದುವೆ ಆದ್ಮೇಲೆ ಬಿಟ್ಬಿಡ್ತೀನಿ ಮಾವ, ಆಣೆಗೂ,” ಎಂದ ಚಂದ್ರು. ಈಗ ಅವನ ದನಿ ಸ್ವಲ್ಪ ಇಳಿದಿತ್ತು.

ಇದೇ ಮಾತನ್ನು ಮುನಿಶಾಮಿ ಶ್ಯಾಮಲಮ್ಮನಿಗೆ ಹೇಳಿದ್ದ. ಮದುವೆಯಾಯಿತು, ಬಿಡಲಿಲ್ಲ. ಬಸುರಿಯಾದಳು, ಬಿಡಲಿಲ್ಲ. ಕೈಗೆ ಬೇಡಿ ಬಿದ್ದ ಮೇಲೆ ಬಿಟ್ಟ. ಆದರೂ, ನಿಜ ಹೇಳಬೇಕೆಂದರೆ, ನಂಬಿಬಿಡೋಣ ಅನ್ನಿಸಿತು ಅವನಿಗೆ. ಲಗ್ನಪತ್ರಿಕೆ ಹಂಚಿ ಆಗಿದೆ. ಛತ್ರ ಗೊತ್ತುಮಾಡಿ ಆಗಿದೆ. ಹದಿನೆಂಟು ದಿನ ಇಟ್ಟುಕೊಂಡು ಮದುವೆ ಮುರಿದರೆ ಊರಿನವರ ಬಾಯಿ ಮುಚ್ಚಿಸುವವರು ಯಾರು? ಒಳಗೆ ಹೋಗಿ ಬ್ಯಾಗಿನ ದುಡ್ಡು ಕೊಟ್ಟು, ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದರೆ ಎಲ್ಲ ಸಲೀಸಾಗಿ ನಡೆದುಹೋಗುತ್ತದೆ. ಅಂಗಡಿಯ ಕಡೆ ನಾಲ್ಕು ಹೆಜ್ಜೆ ಇಟ್ಟ. ನಿಂತ. ಜೇಬಿಗೆ ಕೈಹಾಕಿ ಫೋನು ತೆಗೆದ, ಒಳಗಿಟ್ಟ, ಮತ್ತೆ ತೆಗೆದ.

“ನಂಗಲ್ಲ, ಅವಳಿಗೆ ಹೇಳು,” ಎಂದ. “ಅವಳು ಆಗಲಿ ಅಂದ್ರೆ ನಾನು ಬ್ಯಾಗ್ ಕೊಡಿಸ್ತೀನಿ.”

ಮಾನಸ ಶ್ರೀನಿವಾಸಪುರದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಎರಡನೇ ಸಲಕ್ಕೆ ಫೋನು ಎತ್ತಿದಳು. ಮುನಿಶಾಮಿ ಸ್ಪೀಕರ್ ಹಾಕಿ ಅದನ್ನು ಚಂದ್ರುವಿಗೆ ಕೊಟ್ಟ. ಚಂದ್ರು ಮೊದಲು ನಗೆಯಾಡಿ, ಆಮೇಲೆ ತೊದಲಿ, ಕೊನೆಗೆ ಇರುವ ವಿಷಯ ಹೇಳಿದ. ಹಂದಿ, ಉರುಲು, ಬಿಟ್ಟುಬಿಡುತ್ತೇನೆ ಎನ್ನುವ ಮಾತು.

“ಯಾವ ಗುಡ್ಡಕ್ಕೆ ಹೋಗ್ತಿದ್ರಿ?” ಎಂದಳು ಮಾನಸ.

“ಅದೇ... ನಿಮ್ಮ ಕಡೆಗೇನೇ.”

“ನಮ್ಮನೆಗೆ ಹೆಣ್ಣು ಕೇಳೋಕೆ ಬರೋಕೆ ಮುಂಚೇನೇನಾ?”

ಚಂದ್ರು ಮುನಿಶಾಮಿಯ ಮುಖ ನೋಡಿದ. “ಒಂದೆರಡ್ಸಲ...”

“ಅಪ್ಪನ ಕೈಗೆ ಕೊಡಿ.”

ಮುನಿಶಾಮಿ ಸ್ಪೀಕರ್ ಆರಿಸಿ, ಫೋನನ್ನು ಕಿವಿಗೊತ್ತಿಕೊಂಡು ಗಾಡಿಯಿಂದ ದೂರ ಸರಿದ.

“ಅಪ್ಪಾ, ಒಂದು ಕೇಳ್ತೀನಿ, ನಿಜ ಹೇಳು. ನಾಳೆ ಮದುವೆ ಆದ್ಮೇಲೆ ಇವ್ರು ಗುಡ್ಡದಲ್ಲಿ ನಿನ್ನ ಕೈಗೆ ಸಿಕ್ರು ಅಂತಿಟ್ಕೋ. ಹಿಡೀತಿದ್ಯಾ, ಬಿಡ್ತಿದ್ಯಾ?”

ಹಿಡೀತಿದ್ದೆ ಎಂದು ಹೇಳಲು ಮುನಿಶಾಮಿ ಬಾಯಿ ತೆರೆದ. ಬೇಡಿ ತೊಟ್ಟ ಅಳಿಯ, ಬಾಗಿಲಲ್ಲಿ ನಿಂತ ಮಗಳು, ಅವಳ ಕಂಕುಳಲ್ಲಿ ಒಂದು ಕೂಸು ಕಣ್ಣಿಗೆ ಕಟ್ಟಿತು. ಮಗಳಿಗೆ ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ.

“ಬಿಡ್ತಿದ್ದೆ ಕಣಮ್ಮ,” ಎಂದ. “ನಿನ್ನ ಮುಖ ನೋಡಿ ಬಿಟ್ಬಿಡ್ತಿದ್ದೆ.”

“ಅದು ಇವ್ರಿಗೆ ಮೊದ್ಲೇ ಗೊತ್ತಿತ್ತು ಅಪ್ಪಾ.” ಎಂದಳು ಮಾನಸ. “ಅವತ್ತು ಸೀರೆ ಉಟ್ಕೊಂಡು ಕಾಫಿ ಕೊಟ್ಟು ಮುಂದೆ ಕೂತಿದ್ದೆ ನಾನು. ಇವ್ರು ನೋಡೋಕೆ ಬಂದಿದ್ದು ನಿನ್ನನ್ನ. ನಂಗೀ ಮದುವೆ ಬೇಡ. ನೀನು ಮನೆಗೆ ಬಂದ್ಬಿಡು.”

ಫೋನು ಇಟ್ಟಳು. ಚಂದ್ರು ಹತ್ತಿರ ಬಂದು, “ಏನಂದ್ಲು ಮಾವ?” ಎಂದ.

“ಮಾವ ಅನ್ಬೇಡ.”

“ಅಲ್ಲ ಮಾವ, ಇಷ್ಟಕ್ಕೆಲ್ಲ...”

“ಕಿವಿ ಕೇಳಿಸ್ತಾ ಇಲ್ವೇನ್ಲಾ? ಮಾವ ಅನ್ಬೇಡ ಅಂದೆ.” ಮುನಿಶಾಮಿಯ ದನಿಗೆ ಕಬ್ಬಿನ ಗಾಡಿಯವನು ಯಂತ್ರ ನಿಲ್ಲಿಸಿ ನೋಡಿದ. “ಇನ್ನು ಗುಡ್ಡಕ್ಕೆ ಬಂದ್ರೆ ಹಿಡೀತೀನಿ. ಇಷ್ಟು ದಿನ ಆಗಿದ್ರೆ ಅಳಿಯ ಅಂತ ಹಿಡಿಯೋಕೆ ಕೈ ಬರ್ತಿರ್ಲಿಲ್ಲ. ಈಗ ಬರ್ತದೆ.”

ಅಂಗಡಿಯ ಬಾಗಿಲಿಂದ ಮುರಳಿಮೋಹನ್ ಬ್ಯಾಗು ಎತ್ತಿ ತೋರಿಸುತ್ತಾ ‘ಕಟ್ಲಾ ಸಾರ್?’ ಎಂದು ಕೂಗುತ್ತಿದ್ದ. ಮುನಿಶಾಮಿ ತಿರುಗಿದ. ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬೇಗ ಬೇಗ ನಡೆದ. ಮಗಳು ಅಂಗಡಿಯಿಂದ ಮನೆಗೆ ಬರುವ ಹೊತ್ತಿಗೆ ತಾನು ಮನೆಯಲ್ಲಿರಬೇಕಿತ್ತು.