ಹದಿನಾಲ್ಕು ಇಂಚಿನ ತೂತು

ಏಪ್ರಿಲ್ ಮುಗಿಯುತ್ತಿದ್ದಂತೆ ಮರುಭೂಮಿಯ ಊರು ಯೂಮಾದ ಮನೆಗಾಡಿ ಪಾರ್ಕು ಬರಿದಾಗುತ್ತದೆ. ಚಳಿಗಾಲವೆಲ್ಲ ಇಲ್ಲಿ ಮೈ ಕಾಯಿಸಿಕೊಂಡವರು ನೀರಿನ ಪೈಪು, ಕರೆಂಟಿನ ವೈರು ಸುತ್ತಿಟ್ಟು, ಮನೆಯನ್ನೇ ಓಡಿಸಿಕೊಂಡು ಉತ್ತರದ ಬೆಟ್ಟಗಳ ಕಡೆ ಹೊರಡುತ್ತಾರೆ. ಉಳಿಯುವವರೆಂದರೆ ಹೋಗಲಾರದವರು. ಹಾಯ್ಟ್ ಮತ್ತು ಅವನ ಹೆಂಡತಿ ಮೇರಿಡೆಲ್ ಅಂಥವರು. ಅವರ ಗಾಡಿಯ ಗೇರ್‌ಬಾಕ್ಸ್ ಹೋಗಿ ಎರಡು ವರ್ಷವಾಗಿತ್ತು. ಚಕ್ರವಿದ್ದ ಮಾತ್ರಕ್ಕೆ ಅದನ್ನು ಗಾಡಿ ಎನ್ನಬೇಕು, ಅಷ್ಟೆ.

ಮೇರಿಡೆಲ್‌ಗೆ ನರಗಳ ಕಾಯಿಲೆ. ತಂಪಿದ್ದರೆ ಕೋಲೂರಿಕೊಂಡು ಒಲೆಯ ತನಕ ನಡೆದು, ಬೀನ್ಸ್ ಬೇಯಿಸಿ, ಗಂಡನ ಸೋಮಾರಿತನವನ್ನು ಆಡಿಕೊಂಡು, ಮತ್ತೆ ತನ್ನ ಕುರ್ಚಿಗೆ ಬಂದು ಕೂರುತ್ತಿದ್ದಳು. ಮೈ ಬಿಸಿಯಾದರೆ ಮಾತ್ರ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಛಾವಣಿಯ ಮೇಲಿನ ಏಸಿ ಕೆಮ್ಮಿ ಕೆಮ್ಮಿ ನಿಂತಾಗ ಹಾಯ್ಟ್ ಅವತ್ತೇ ರಿಪೇರಿಗೆ ಫೋನ್ ಮಾಡಿದ.

ಏಸಿ ರಿಪೇರಿಯ ಇನೆಸ್ ಬಂದು ಮೇಲೆ ಹತ್ತಿ ನೋಡಿದಳು. ಗ್ಯಾಸ್ ಸೋರಿಹೋಗಿದೆ, ಈ ಪೆಟ್ಟಿಗೆಗೆ ಮತ್ತೆ ತುಂಬಲು ದಾರಿಯಿಲ್ಲ, ಆ ಗ್ಯಾಸಿನ ಏಸಿಗಳನ್ನು ಹೊಸ ಕಾನೂನು ಬಂದ ಮೇಲೆ ಯಾರೂ ತಯಾರಿಸುತ್ತಿಲ್ಲ ಎಂದಳು. ಅದರಿಂದ ಭೂಮಿ ಬಿಸಿಯಾಗುತ್ತದಂತೆ. ಭೂಮಿಗಿಂತ ಮೊದಲು ನನ್ನ ಹೆಂಡತಿ ಬಿಸಿಯಾಗುತ್ತಾಳೆ ಎಂದು ಹಾಯ್ಟ್ ಗೊಣಗಿದ. ಹೊಸ ಗ್ಯಾಸಿಗೆ ಸ್ವಲ್ಪ ಬೆಂಕಿ ಹಿಡಿಯುವ ಗುಣವಿದೆ, ಸೋರಿದರೆ ಮೂಸಿ ಎಚ್ಚರಿಸಲು, ಛಾವಣಿಯ ಒಳಮೈಗೆ ಕೂರುವ ಪೆಟ್ಟಿಗೆಯಲ್ಲಿ ಮೂಗಿನಂಥ ಒಂದು ಸೆನ್ಸರ್ ಇರಲೇಬೇಕು ಎಂದು ಇನೆಸ್ ಬಿಡಿಸಿ ಹೇಳಿದಳು.

"ಎರಡೂ ಒಟ್ಟಿಗೇ ತಗೊಳ್ಳಿ, ಹಾಯ್ಟ್ ಸಾಹೇಬ್ರೇ. ಮೇಲಿಂದು ಹೊಸದು, ಒಳಗಿಂದು ಹಳೇದು ಇಟ್ರೆ ಅವು ಒಂದಕ್ಕೊಂದು ಮಾತಾಡಲ್ಲ. ನನ್ ಹತ್ರ ಒಂದು ಜೋಡಿ ಇದೆ, ನಾಳೇನೇ ಹಾಕ್ಕೊಡ್ತೀನಿ."

ಹಾಯ್ಟ್ ಕೇಳಲಿಲ್ಲ. ಮನೆಗಾಡಿಯವರಿಗೊಂದು ವೇದವಾಕ್ಯವಿದೆ: ಯಾರ ಗಾಡಿಯೇ ಆಗಲಿ, ಯಾವ ಕಾಲದ್ದೇ ಆಗಲಿ, ಛಾವಣಿಯ ತೂತು ಹದಿನಾಲ್ಕು ಇಂಚು. ತೂತು ಒಂದೇ ಆದ ಮೇಲೆ ಯಾವ ಏಸಿಯಾದರೂ ಕೂರುತ್ತದೆ. ಅವನು ಹೀಗೆ ಎಷ್ಟೋ ಜನರ ಛಾವಣಿ ಹತ್ತಿ, ಎಷ್ಟೋ ಏಸಿ ಕೂರಿಸಿ, ಶಹಬ್ಬಾಸ್ ಅನ್ನಿಸಿಕೊಂಡವನು. ಹುಡುಗಿ ಎರಡು ಪೆಟ್ಟಿಗೆ ತಗಲಿಹಾಕಲು ನೋಡುತ್ತಿದ್ದಾಳೆ ಎಂದುಕೊಂಡು ಮೇಲಿನದೊಂದನ್ನೇ ತರಿಸಿದ. ಪಾರ್ಕಿನಲ್ಲಿ ಉಳಿದಿದ್ದ ಇಬ್ಬರು ಮುದುಕರನ್ನು ಸೇರಿಸಿ ಹಗ್ಗ ಕಟ್ಟಿ ಮೇಲೆಳೆದ. ಅದು ತೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸ್ವಿಚ್ ಒತ್ತಿದರೆ ಸದ್ದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇನೆಸ್‌ಳ ಹತ್ತಿರವಿದ್ದ ಜೋಡಿ ಅಷ್ಟರಲ್ಲಿ ಬೇರೊಬ್ಬರ ಪಾಲಾಗಿತ್ತು. ದೇಶದವರೆಲ್ಲ ಒಟ್ಟಿಗೇ ಬದಲಾಯಿಸಲು ನಿಂತಿದ್ದರಿಂದ ಒಳಪೆಟ್ಟಿಗೆಗಳು ಎಲ್ಲೂ ಸಿಗುತ್ತಿರಲಿಲ್ಲ. ಜುಲೈಗೆ ಬರುತ್ತದೆ ಎಂದರು, ಆಗಸ್ಟ್ ಎಂದರು. ಹಾಯ್ಟ್ ಬಿಸಿಲು ತಡೆಯಲು ಕಿಟಕಿಗಳಿಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ, ಐಸು ತಂದು ಸುರಿದ, ಹೆಂಡತಿಯ ಕುತ್ತಿಗೆಗೆ ಒದ್ದೆ ಟವೆಲು ಸುತ್ತಿದ. ಜೂನ್‌ನಲ್ಲೊಂದು ಮಧ್ಯಾಹ್ನ ಅವಳು ಒಲೆಯ ಮುಂದೆ ಕುಸಿದು ಬಿದ್ದಳು. ಮಾರನೆಯ ದಿನ ಅವಳನ್ನು ಊರೊಳಗಿನ ಆರೈಕೆ ಮನೆಗೆ ಸೇರಿಸಿದ.

"ಪೆಟ್ಟಿಗೆ ಬರೋ ತನಕ ಅಷ್ಟೇ ಕಣೇ," ಎಂದ.

"ಬಂದ್ಮೇಲೆ ನನ್ನೇ ಕರ್ಕೊಂಡ್ಹೋಗು ಮತ್ತೆ. ಚಳಿಗಾಲದಲ್ಲಿ ಬರೋ ಆ ವಿಧವೆಯರೆಲ್ಲ ನಿನ್ ಮೇಲೆ ಕಣ್ಣಿಟ್ಟಿದಾರೆ," ಎಂದು ಅವಳು ನಕ್ಕಳು.

ದಿನಾ ಹೋಗಿ ಅವಳ ಮಂಚದ ಪಕ್ಕ ಕೂರುತ್ತಿದ್ದ. ಅಲ್ಲಿ ತಂಪಿತ್ತು, ಊಟವಿತ್ತು, ಆದರೆ ಅವಳನ್ನು ನಡೆಯಲು ಬಿಡುತ್ತಿರಲಿಲ್ಲ. ಬಿದ್ದರೆ ತಮ್ಮ ತಲೆಗೆ ಬರುತ್ತದೆಂದು ಗಾಲಿಕುರ್ಚಿಯಲ್ಲೇ ಎಲ್ಲ ಕಡೆಗೂ ತಳ್ಳುತ್ತಿದ್ದರು. ಅವಳ ತೊಡೆ ಸೊರಗುತ್ತಿದ್ದುದು ಹಾಯ್ಟ್‌ಗೆ ಕಾಣುತ್ತಿತ್ತು. ಮನೆಗೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಗಾಡಿಗೆ ಮರಳಿ, ಒಲೆಯಂತೆ ಕಾದ ಹಾಸಿಗೆಯ ಮೇಲೆ ಬೇಕೆಂದೇ ಫ್ಯಾನು ಕೂಡ ಹಾಕದೆ ಮಲಗುತ್ತಿದ್ದ. ಅದರಿಂದ ಯಾರಿಗೂ ಏನೂ ಪ್ರಯೋಜನವಿರಲಿಲ್ಲ.

ಪೆಟ್ಟಿಗೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಇನೆಸ್ ಒಂದೇ ಒಂದು ಮಾತು ಆಡಿ ತೋರಿಸದೆ ಕೂರಿಸಿಕೊಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಏಸಿ ಶುರುವಾಯಿತು, ತಣ್ಣನೆಯ ಗಾಳಿ ಇಡೀ ಗಾಡಿ ತುಂಬಿತು. ಹಾಯ್ಟ್ ನೆಲ ಒರೆಸಿದ, ಹಾಸಿಗೆಗೆ ಒಗೆದ ಹೊದಿಕೆ ಹಾಸಿದ, ಪಕ್ಕದವನ ಪಿಕಪ್ ಇಸಿದುಕೊಂಡು ಹೆಂಡತಿಯನ್ನು ಕರೆತಂದ.

ಗಾಲಿಕುರ್ಚಿ ಬಾಗಿಲ ಮುಂದೆ ಬಂದು ನಿಂತಿತು. ಗಾಡಿಗೆ ಮೂರು ಮೆಟ್ಟಿಲು. ಮೇರಿಡೆಲ್ ಕಂಬಿ ಹಿಡಿದು ಎದ್ದಳು, ಕಾಲನ್ನು ನೋಡಿದಳು, ಕಾಲು ನೆಲ ಬಿಡಲಿಲ್ಲ. ಇನ್ನೊಮ್ಮೆ ನೋಡಿದಳು. ಹಾಯ್ಟ್ ಅವಳನ್ನು ಬಾಚಿ ಎತ್ತಲು ಹೋದ. ಒಂದು ಮೆಟ್ಟಿಲು ಏರುವಷ್ಟರಲ್ಲಿ ಅವನ ಸೊಂಟ ಕೈಕೊಟ್ಟು, ಇಬ್ಬರೂ ಬಾಗಿಲ ಚೌಕಟ್ಟಿಗೆ ಆನಿಕೊಂಡು ಏದುಸಿರು ಬಿಡುತ್ತ ನಿಂತರು. ಬಾಗಿಲು ಗಾಲಿಕುರ್ಚಿಗಿಂತ ಕಿರಿದು, ಹಲಗೆ ಹಾಸಿ ತಳ್ಳೋಣವೆಂದರೂ ಆಗದು. ಛಾವಣಿಯ ತೂತಿನ ಅಳತೆ ನಿದ್ದೆಯಲ್ಲೂ ಹೇಳಬಲ್ಲವನು ಬಾಗಿಲನ್ನು ಒಮ್ಮೆಯೂ ಅಳೆದು ನೋಡಿರಲಿಲ್ಲ.

"ಬಿಡೋ," ಎಂದಳು ಅವಳು. "ಈ ಕಾಲು ಇನ್ನು ಏಳಲ್ಲ ಕಣೋ. ನಂಗೆ ಆವಾಗ್ಲೇ ಗೊತ್ತಿತ್ತು. ನೀನು ಅಷ್ಟು ಆಸೆಯಿಂದ ಬಂದೆ, ಅದಕ್ಕೇ ಹೇಳ್ಲಿಲ್ಲ."

ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದ. ತೆರೆದ ಬಾಗಿಲಿಂದ ತಂಪು ಇಳಿದು ಅವಳ ಮುಖಕ್ಕೆ ತಾಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಳು.

"ಚೆನ್ನಾಗ್ ತಣ್ಣಗಿದೆ," ಎಂದಳು. "ಬಾಗ್ಲು ಹಾಕು ಹಾಯ್ಟ್, ಎಲ್ಲಾ ಹೊರಗ್ ಹೋಗ್ತಿದೆ."

ಅವನು ಹಾಕಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತು, ಅವಳ ಎರಡೂ ಪಾದಗಳನ್ನು ತನ್ನ ಮಡಿಲಿಗೆ ಎತ್ತಿಕೊಂಡ. ಮೆಟ್ಟಿಲು ಹತ್ತಲಾಗದಿದ್ದರೆ ಊಟದ ಹೊತ್ತಿಗೆ ವಾಪಸ್ ಕರೆತನ್ನಿ ಎಂದು ಆರೈಕೆ ಮನೆಯವರು ಹೇಳಿದ್ದರು.